ಹಳೇ ಊರಿನ ಒಲೆಗಳು

ನನಗೆ ಅನುಮಾನ ಜಾಸ್ತಿ ಎಂದು ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಹಾಲು ಹಾಕುವವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದೆ. ಯಾರಾದರೂ ಸುಮ್ಮಸುಮ್ಮನೆ ಚೆನ್ನಾಗಿ ಮಾತಾಡಿಸಿದರೆ, ಇವರಿಗೆ ನನ್ನಿಂದ ಏನಾಗಬೇಕು ಎಂದು ನಿದ್ದೆಗೆಟ್ಟು ಯೋಚಿಸುತ್ತಿದ್ದೆ. ‘ನಮ್ಮ ಚಂಪವ್ವ, ದೇವರು ಬಂದು ಬಾಗಲದಾಗ ನಿಂತ್ರೂ ಯಾರ ಪೈಕಿ ಅಂತ ಕೇಳ್ತಾಳ’ ಎಂದು ನನ್ನ ಅಣ್ಣ ಅಡಿವೆಪ್ಪ ಬಂದವರಿಗೆಲ್ಲ ಹೇಳಿ ನಗುತ್ತಿದ್ದ. ಕೇಳಿದರೆ ತಪ್ಪೇನು? ದೇವರ ವೇಷದಲ್ಲಿ ಯಾರು ಯಾರೋ ಬರುತ್ತಾರೆ.

ಈ ಅನುಮಾನದಿಂದಾಗಿಯೇ ಊರವರು ನನಗೆ ಒಲೆ ನೋಡುವ ಕೆಲಸ ಕೊಟ್ಟಿದ್ದರು. ಇನ್ನೊಂದು ಕಾರಣ ನನ್ನ ಅಂಗೈ. ಬಸ್ ನಿಲ್ದಾಣದ ಎದುರಿಗೆ ನನ್ನ ಚುರುಮುರಿ ಭಟ್ಟಿ. ಬಾಣಲೆಯ ಮರಳು ಎಷ್ಟು ಕಾದಿದೆ ಎಂಬುದು ಒಂದು ಗೇಣು ಮೇಲೆ ಅಂಗೈ ಹಿಡಿದರೆ ನನಗೆ ತಿಳಿಯುತ್ತದೆ. ಕಾವು ಕಡಿಮೆಯಾದರೆ ಅಕ್ಕಿ ಅರಳುವುದಿಲ್ಲ, ಹೆಚ್ಚಾದರೆ ಸೀದು ಹೋಗುತ್ತದೆ. ಇಪ್ಪತ್ತು ವರ್ಷ ಹೀಗೆ ಮರಳಿನ ಮೇಲೆ ಹಿಡಿದ ಕೈಗೆ ಬೂದಿಯೊಳಗಿನ ಸಣ್ಣ ಬಿಸಿಯೂ ತಪ್ಪುವುದಿಲ್ಲ ಎಂದು ಊರಿನ ನಂಬಿಕೆ. ನನ್ನ ನಂಬಿಕೆಯೂ ಅದೇ ಆಗಿತ್ತು.

ನಮ್ಮ ಹಳೇ ಊರು ಕಾಡಿನಲ್ಲಿದೆ, ಈಗಿನ ಊರಿನಿಂದ ಒಂದು ಹರದಾರಿ. ನಾನು ಹನ್ನೆರಡು ವರ್ಷದವಳಿದ್ದಾಗ ಎಲ್ಲರೂ ಒಂದೇ ದಿನ ಅದನ್ನು ಬಿಟ್ಟು ಬಂದೆವು. ಯಾಕೆ ಬಿಟ್ಟೆವು ಎಂಬುದಕ್ಕೆ ಅರವತ್ತು ಮನೆಗಳಲ್ಲಿ ಅರವತ್ತು ಉತ್ತರಗಳಿವೆ, ಒಂದನ್ನೂ ನಾನು ನಂಬುವುದಿಲ್ಲ. ಬರುವಾಗ ಬಾಗಿಲು, ಚೌಕಟ್ಟು, ತೊಲೆ, ಹಂಚು, ಬೀಸುಕಲ್ಲು, ಕೊನೆಗೆ ಗುಡಿಯ ದೇವರನ್ನೂ ಚಕ್ಕಡಿಗೆ ಹೇರಿಕೊಂಡು ತಂದರು. ಒಲೆ ಮಾತ್ರ ತರಲಾಗಲಿಲ್ಲ. ನೆಲಕ್ಕೆ ಸೇರಿಸಿ ಕಟ್ಟಿದ ಕಲ್ಲುಮಣ್ಣಿನ ಒಲೆಯನ್ನು ಯಾರು ತಾನೇ ಕಿತ್ತು ತರುತ್ತಾರೆ? ಅರವತ್ತು ಒಲೆಗಳೂ ಅವುಗಳೊಳಗಿನ ಬೂದಿಯೂ ಅಲ್ಲೇ ಉಳಿದವು. ಆಮೇಲೆ ಮೂವತ್ತೈದು ಮಳೆಗಾಲ ಕಳೆದಿವೆ. ಗೋಡೆಗಳು ಕರಗಿವೆ, ಒಲೆಗಳು ಕರಗಿಲ್ಲ.

ಅವುಗಳಲ್ಲಿ ಕೆಲವು ರಾತ್ರಿಯ ಹೊತ್ತು ಬೆಚ್ಚಗಿರುತ್ತವೆ. ಉರಿ ಇರುವುದಿಲ್ಲ, ಹೊಗೆ ಇರುವುದಿಲ್ಲ, ಬೂದಿಯಲ್ಲಿ ಕೈಯಿಟ್ಟರೆ ಬಿಸಿ. ಯಾವ ಮನೆಯ ಒಲೆ ಬೆಚ್ಚಗಿದೆಯೋ ಆ ಮನೆಯ ಒಬ್ಬರ ಮನಸ್ಸು ಊರು ಬಿಟ್ಟು ಹೊರಟಿದೆ ಎಂದು ಅರ್ಥ. ಕಮ್ಮಾರರ ಒಲೆ ಬೆಚ್ಚಗಿತ್ತು, ಸೊಸೆ ಹೋದಳು. ಮಾಸ್ತರರ ಒಲೆ ಬೆಚ್ಚಗಿತ್ತು, ಮಾಸ್ತರರೇ ಹೋದರು. ಹೋಗುವವರು ಹೋದ ಮೇಲೆ ಒಲೆ ತಣ್ಣಗಾಯಿತು. ಒಮ್ಮೆ ಇಡೀ ಊರನ್ನೇ ಬಿಟ್ಟು ಬಂದ ಜನ ನಾವು. ಇನ್ನೊಬ್ಬರು ಎದ್ದು ಹೋದರೆಂದರೆ ನಮಗೆ ಎದೆ ಒಡೆದಂತಾಗುತ್ತದೆ. ಅದಕ್ಕೇ ನಿಯಮ ಬಂತು. ಮದುವೆ ನಿಶ್ಚಯಕ್ಕೆ ಮೊದಲು ಹೆಣ್ಣಿನ ಕಡೆಯವರೊಬ್ಬರು, ಗಂಡಿನ ಕಡೆಯವರೊಬ್ಬರು ರಾತ್ರಿ ಹಳೇ ಊರಿಗೆ ಹೋಗಿ ಒಬ್ಬರ ಒಲೆಯನ್ನು ಇನ್ನೊಬ್ಬರು ನೋಡಬೇಕು. ಬಿಸಿ ಒಲೆಯ ಮನೆಗೆ ಹೆಣ್ಣು ಕೊಡುವುದಿಲ್ಲ, ಅಲ್ಲಿಂದ ತರುವುದೂ ಇಲ್ಲ. ತನ್ನ ಮನೆಯ ಒಲೆಯನ್ನು ಮಾತ್ರ ತಾನು ಮುಟ್ಟುವ ಹಾಗಿಲ್ಲ, ಏಕೆಂದರೆ ಮುಟ್ಟಿದವರು ನಿಜ ಹೇಳುವುದಿಲ್ಲ.

ಹನ್ನೊಂದು ವರ್ಷಗಳಿಂದ ಎಷ್ಟೋ ಮನೆಯವರ ಪರವಾಗಿ ನಾನು ಹೋಗಿ ನೋಡಿದ್ದೆ. ನಾಲ್ಕು ಒಲೆಗಳು ಬೆಚ್ಚಗಿದ್ದವು, ನಾಲ್ಕು ಮದುವೆಗಳು ಮುರಿದವು. ಮೊದಲನೆಯದು ಸಾವಂತ್ರಿಯದು. ಆಗ ಅವಳಿಗೆ ಹತ್ತೊಂಬತ್ತು, ಈಗ ಮೂವತ್ತು. ಮತ್ತೆ ಯಾರೂ ಅವಳನ್ನು ಕೇಳಿ ಬರಲಿಲ್ಲ, ಅವಳು ಊರು ಬಿಟ್ಟೂ ಹೋಗಲಿಲ್ಲ. ನಾನು ಎದುರಾದರೆ ಗೋಡೆಯ ಕಡೆ ಮುಖ ತಿರುಗಿಸಿ ಹೋಗುತ್ತಿದ್ದಳು. ನನಗೇನೂ ಅನ್ನಿಸುತ್ತಿರಲಿಲ್ಲ. ಕೈ ಹೇಳಿದ್ದನ್ನು ಬಾಯಿ ಹೇಳಿತು, ಅಷ್ಟೇ.

ಈಗ ನಮ್ಮ ಮನೆಯ ಸರದಿ. ಅಣ್ಣನ ಮಗಳು ಕಸ್ತೂರಿಯನ್ನು ಗುರುಪಾದನಿಗೆ ಕೇಳಿದ್ದರು. ಕಸ್ತೂರಿ ಮೂರು ತಿಂಗಳ ಕೂಸಿದ್ದಾಗ ಅವಳ ತಾಯಿ ತೀರಿಕೊಂಡಳು. ಅದೇ ವರ್ಷ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನಾನು ಕೂಸನ್ನು ಎತ್ತಿಕೊಂಡವಳು ಇಳಿಸಲಿಲ್ಲ. ಈಗ ಅವಳಿಗೆ ಇಪ್ಪತ್ತು. ಇವಳೂ ಆ ಗುರುಪಾದನೂ ಭಟ್ಟಿಯ ಹಿಂದೆ ಆರು ತಿಂಗಳಿಂದ ಮಾತಾಡುತ್ತಿರುವುದು ನನಗೆ ಗೊತ್ತಿತ್ತು; ಗೊತ್ತಿಲ್ಲದವಳಂತೆ ಮರಳು ಹುರಿಯುತ್ತಿದ್ದೆ. ಆ ಹುಡುಗನ ಮನೆಯ ಒಲೆ ಬೆಚ್ಚಗಿದ್ದರೆ ನಾನು ಸಾಕಿದ ಮಗಳಿಗೆ ನಾನೇ ‘ಬೇಡ’ ಎಂದು ಹೇಳಬೇಕು. ಆ ವಾರವೆಲ್ಲ ನನಗೆ ಊಟ ಸೇರಲಿಲ್ಲ.

ಗಂಡಿನ ಕಡೆಯಿಂದ ಬಂದವನು ಹುಡುಗನ ಸೋದರಮಾವ ಫಕೀರಪ್ಪ. ಬುಟ್ಟಿ ಹೆಣೆಯುವವನು. ಬಿದಿರಿಗೆಂದು ಸದಾ ಕಾಡಿಗೆ ಹೋಗುತ್ತಿದ್ದುದರಿಂದ, ಒಲೆ ನೋಡಲು ಯಾರೇ ಹೋದರೂ ಹಗಲೇ ಹೋಗಿ ಮುಳ್ಳು ಸವರಿ ದಾರಿ ಮಾಡುವುದು, ರಾತ್ರಿ ಕಂದೀಲು ಹಿಡಿಯುವುದು ಅವನ ಕೆಲಸ. ಹನ್ನೊಂದು ವರ್ಷದ ಜೊತೆ. ಯಾವಾಗಲೂ ‘ನೀ’ ಎನ್ನುತ್ತಿದ್ದವನನ್ನು ನಾಳೆ ಬೀಗರಾಗುವವರೆಂದು ‘ನೀವು’ ಎನ್ನಬೇಕಾಗಿ ಬಂದು ಸಂಜೆಯಿಂದ ನನ್ನ ನಾಲಿಗೆ ತಡವರಿಸುತ್ತಿತ್ತು. ಅವನು ಕರೆಯಲು ಬಂದಾಗ ನೋಡಿದೆ: ಧೋತರ ಮೊಣಕಾಲಿನವರೆಗೆ ಒದ್ದೆ.

‘ಎಲ್ಲಿ ಹೋಗಿದ್ರಿ?’ ಎಂದೆ.

‘ದಾರಿ ಸವರಾಕ ಹೋಗಿದ್ದೆ, ಚಂಪಕ್ಕ.’

‘ದಾರಿ ಸವರಿದ್ರ ಧೋತರ ಒದ್ದಿ ಆಗ್ತೇತೇನು?’

‘ಬಾಯಾರಿತ್ತು. ಹಳೇ ಬಾವ್ಯಾಗ ನೀರ ಸೇದಿ ಕುಡದೆ.’

‘ಬಾಯಿಲೆ ಕುಡದ್ರೊ, ಮೊಣಕಾಲಿಲೆ ಕುಡದ್ರೊ?’

ಅವನು ಉತ್ತರ ಕೊಡದೆ ನಕ್ಕ. ಉತ್ತರ ಕೊಡದೆ ನಗುವವರನ್ನು ನಾನು ಹುಟ್ಟಿದಾಗಿನಿಂದ ನಂಬಿಲ್ಲ. ನೀರು ಯಾಕೆ ಬೇಕಾಯಿತು ಎಂಬುದು ಕುರುಡನಿಗೂ ಕಾಣುವಂತಿತ್ತು. ಅಳಿಯನ ಮನೆಯ ಒಲೆ ಬೆಚ್ಚಗಿರಬೇಕು, ಎರಡು ಕೊಡ ಸುರಿದು ತಣ್ಣಗೆ ಮಾಡಿ ಬಂದಿರಬೇಕು. ಮಳೆಗಾಲದಲ್ಲಿ ನಾವು ಒಲೆ ನೋಡುವುದಿಲ್ಲ. ಉಳಿದ ದಿನಗಳಲ್ಲಿ ಬೂದಿ ಒದ್ದೆಯಾಗಿದ್ದರೆ ಅದು ಮನುಷ್ಯರ ಕೈಯ ಕೆಲಸವೇ. ಯಾರಿಗೂ ಕಾಣದಂತೆ ಸೆರಗಿನ ಒಳಗೆ ಬ್ಯಾಟರಿ ಸಿಕ್ಕಿಸಿಕೊಂಡು ಹೊರಟೆ. ಕಂದೀಲಿನವನ ಬೆಳಕಿನಲ್ಲಿ ಕಂದೀಲಿನವನು ತೋರಿಸಿದ್ದಷ್ಟೇ ಕಾಣುತ್ತದೆ.

ಅವನು ಮುಂದೆ, ಕೋಲು ಹಿಡಿದು ನಾನು ಹಿಂದೆ. ಅಮಾವಾಸ್ಯೆಗೆ ಎರಡು ದಿನ ಉಳಿದಿತ್ತು. ತೇಗದ ಒಣಗಿದ ಎಲೆಗಳು ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಎಂದೂ ಮಾತು ನಿಲ್ಲಿಸದ ಮನುಷ್ಯ ಅವತ್ತು ಬಾಯಿ ಹೊಲಿದುಕೊಂಡವನಂತೆ ನಡೆಯುತ್ತಿದ್ದ. ನಾನು ಬೇಕೆಂದೇ, ‘ಬೂದಿಗೆ ನೀರ ಹಾಕಿದ್ರ ವಾಸನಿ ಬರ್ತೇತಿ, ಗೊತ್ತೇನ್ರಿ?’ ಎಂದೆ. ಅವನು ಕಂದೀಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿ, ಬಿಡುವಾದ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ನನಗೆ ಒಳಗೊಳಗೇ ಗೆದ್ದ ಖುಷಿ, ಅದರ ಹಿಂದೆಯೇ ಕಸ್ತೂರಿಯ ಮುಖ.

ಹಳೇ ಊರು ಒಮ್ಮೆಲೇ ಕಾಣುವುದಿಲ್ಲ. ಮೊದಲು ಒಂದು ಮೆಟ್ಟಿಲು ಕಾಲಿಗೆ ತಾಗುತ್ತದೆ. ಕಾಡಿನ ನಡುವೆ ಮೆಟ್ಟಿಲು ಎಲ್ಲಿಂದ ಬಂತು ಎಂದುಕೊಳ್ಳುವಷ್ಟರಲ್ಲಿ ಎರಡೂ ಕಡೆ ಮೋಟು ಗೋಡೆಗಳು ನಿಂತಿರುತ್ತವೆ. ಬಾಗಿಲುಗಳನ್ನು ಕಿತ್ತೊಯ್ದ ಜಾಗದಲ್ಲಿ ಬರೀ ಕತ್ತಲೆ. ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ಆಳೆತ್ತರದ ಹುತ್ತ. ಶಾಲೆಯ ಗೋಡೆಗೆ ಬಳಿದ ಕರಿ ಹಲಗೆ ಇನ್ನೂ ಕಪ್ಪಗೇ ಇದೆ, ಅದರ ಎದುರಿಗೆ ನಾವು ಕೂರುತ್ತಿದ್ದ ನೆಲದಲ್ಲಿ ತೇಗದ ಮರಗಳು ಎದ್ದಿವೆ. ನಾನು ಕೂರುತ್ತಿದ್ದ ಜಾಗದಲ್ಲಿರುವುದು ಸೊಟ್ಟ ಮರ. ಬಾವಿಯ ಕಟ್ಟೆಯನ್ನು ದಾಟುವಾಗ ಕಣ್ಣು ಹಾಯಿಸಿದೆ: ಹಗ್ಗ ಒದ್ದೆ, ಕಲ್ಲಿನ ಮೇಲೆ ಕೊಡ ಇಟ್ಟ ದುಂಡು ಗುರುತು. ಬಾಯಾರಿದವನು ಕೊಡ ತರುತ್ತಾನೆಯೇ? ಹಾಗೇ ಮುಂದೆ ನಡೆದೆ. ಕಳ್ಳನನ್ನು ಮಾಲಿನ ಸಮೇತ ಹಿಡಿಯಬೇಕು.

ಗುರುಪಾದನವರ ಮನೆಯ ಅಡುಗೆಕೋಣೆಯಲ್ಲಿ ಎರಡು ಗೋಡೆ ಮಾತ್ರ ಉಳಿದಿದ್ದವು. ಮೂಲೆಯಲ್ಲಿ ಜೋಡಿ ಒಲೆ. ಮೊಣಕಾಲೂರಿ, ಒಂದು ಗೇಣು ಮೇಲೆ ಅಂಗೈ ಹಿಡಿದೆ. ಏನೂ ಇಲ್ಲ. ಬೂದಿಯ ಮೇಲೆ ಇಟ್ಟೆ, ತಣ್ಣಗೆ. ಮಣಿಕಟ್ಟಿನವರೆಗೆ ಒಳಗೆ ಹಾಕಿದೆ, ತಳದ ಕಲ್ಲನ್ನು ಬೆರಳಿನಿಂದ ಸವರಿದೆ, ಒಂದು ಚಿಟಿಕೆ ತೆಗೆದು ಉಜ್ಜಿ ನೋಡಿದೆ. ತಣ್ಣಗಿತ್ತು, ಒಣಗಿಯೂ ಇತ್ತು. ಒಂದು ಹನಿ ನೀರು ಬಿದ್ದ ಗುರುತಿರಲಿಲ್ಲ.

‘ಆತಲ್ರಿ?’ ಎಂದ ಫಕೀರಪ್ಪ.

‘ತಡೀರಿ’ ಎಂದು ಎರಡನೆಯ ಒಲೆಯನ್ನೂ ನೋಡಿದೆ. ಅದೂ ಹಾಗೆಯೇ. ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಹುಡುಗನ ಮನೆ ಗಟ್ಟಿ, ನನ್ನ ಕಸ್ತೂರಿಗೆ ಅಡ್ಡಿಯಿಲ್ಲ. ಆದರೆ ಹಾಳು ತಲೆ ಸುಮ್ಮನಿರಲಿಲ್ಲ. ನೀರು ಇಲ್ಲಿ ಬೀಳದಿದ್ದರೆ ಮತ್ತೆಲ್ಲಿ ಬಿತ್ತು?

‘ನಡೀರಿ, ಇನ್ನ ನಮ್ಮ ಮನಿ ಒಲಿ ನೋಡಬೇಕು ನೀವು’ ಎಂದೆ.

‘ನಿಮ್ಮದೇನ್ ನೋಡೂದ್ರಿ. ಊರ ಒಲಿ ನೋಡೋರ ಮನಿ ಒಲಿ ನೋಡಿದ್ರ ಮಂದಿ ನಗ್ತಾರ. ನೋಡೀನಿ ಅಂತ ಹೇಳ್ತೀನಿ, ಮುಗೀತು.’

‘ನೋಡದ ನೋಡೀನಿ ಅನ್ನೂದು ನಮ್ಮ ಪದ್ಧತಿ ಅಲ್ಲ.’

‘ಕಂದೀಲದಾಗ ಎಣ್ಣಿ ತೀರೇತ್ರಿ.’

ನಾನು ಸೆರಗಿನಿಂದ ಬ್ಯಾಟರಿ ತೆಗೆದು ಹಚ್ಚಿದೆ. ಆ ಬೆಳಕಿನಲ್ಲಿ ಅವನ ಮುಖ ನೋಡಿದರೆ, ಸಿಕ್ಕಿಬಿದ್ದವನ ಮುಖವೇ. ಆದರೆ ಹೆದರಿಕೆಗಿಂತ ಸಂಕಟ ಹೆಚ್ಚಾಗಿ ಕಾಣುತ್ತಿತ್ತು. ಅದೂ ನಾಟಕವೇ ಎಂದುಕೊಂಡೆ. ನಮ್ಮ ಓಣಿಗೆ ನಾನೇ ಮುಂದಾಗಿ ನಡೆದೆ. ಬಾವಿಯ ಕಡೆಯಿಂದ ಸಾಲಾಗಿ ಚೆಲ್ಲಿದ ನೀರಿನ ಗುರುತು ನೇರವಾಗಿ ನಮ್ಮ ಮನೆಯೊಳಗೆ ಹೋಗಿತ್ತು.

ಅವ್ವ ಕೂತು ರೊಟ್ಟಿ ಬಡಿಯುತ್ತಿದ್ದ ಜಾಗದಲ್ಲಿ ನಿಂತು ಒಲೆಗೆ ಬೆಳಕು ಬಿಟ್ಟೆ. ಬೂದಿ ಕರ್ರಗೆ ಕೆಸರಾಗಿತ್ತು. ಒಲೆಯ ಬಾಯಿಯಿಂದ ನೀರು ಹರಿದು ನೆಲದಲ್ಲಿ ಇನ್ನೂ ನಿಂತಿತ್ತು. ನನ್ನ ಮೈಯೆಲ್ಲ ಉರಿಯಿತು. ‘ನೀವು’, ‘ಬೀಗರು’ ಎಲ್ಲ ಮರೆತುಹೋಯಿತು.

‘ಏನಿದು ಫಕೀರಪ್ಪ? ನಮ್ಮ ಒಲಿ ಬಿಸಿ ಇತ್ತು, ನಾವು ನೀರ ಹಾಕಿದಿವಿ ಅಂತ ಹೆಸರ ಕೆಡಸಾಕ ಹೊಂಟೀಯೇನು? ಹುಡುಗಿ ಬ್ಯಾಡಾಗಿದ್ರ ಬಾಯಿ ಬಿಟ್ಟ ಹೇಳಬೇಕಿತ್ತು. ತಾಯಿ ಇಲ್ಲದ ಕೂಸದು.’

ಅವನು ಕಂದೀಲನ್ನು ಕೆಳಗಿಟ್ಟು ಗೋಡೆಗೆ ಒರಗಿ ಕುಳಿತ. ‘ಹೆಸರ ಕೆಡಸಾವ ನೀರ ಯಾಕ ಹಾಕ್ತಾನ ಚಂಪಕ್ಕ? ಬಿಸಿ ಒಲಿ ಹಂಗ ಬಿಟ್ಟು ಹತ್ತ ಮಂದೀನ ಕರಕೊಂಡ ಬರ್ತಾನ’ ಎಂದ.

ನಿಯಮ ಮುರಿದು ನನ್ನ ಮನೆಯ ಒಲೆಗೆ ನಾನೇ ಕೈ ಹಾಕಿದೆ. ಮೇಲೆ ತಣ್ಣನೆಯ ಕೆಸರು. ಅದರ ಕೆಳಗೆ ಕಲ್ಲು. ನೀರು ಕಲ್ಲಿನ ಮೇಲಿನ ಬೂದಿಯನ್ನು ತಣಿಸಿತ್ತು, ಕಲ್ಲನ್ನಲ್ಲ. ಈಗಷ್ಟೇ ಅನ್ನದ ಗಡಿಗೆ ಇಳಿಸಿದ ಒಲೆಯ ಹಾಗೆ ಅದು ಕಾದಿತ್ತು. ನನ್ನ ಅಂಗೈ ತಪ್ಪು ಹೇಳುತ್ತಿದೆ ಎಂದುಕೊಂಡು ಕೈ ತೆಗೆದೆ, ಮತ್ತೆ ಇಟ್ಟೆ, ಇನ್ನೊಂದು ಕೈಯನ್ನೂ ಇಟ್ಟೆ. ಎರಡು ಕೈಗಳೂ ಒಂದೇ ಮಾತು ಹೇಳಿದವು.

‘ಯಾವಾಗಿಂದ?’ ಎಂದೆ.

‘ಸಾವಂತ್ರೀದು ನೋಡಾಕ ಬಂದಿದ್ವಲ್ಲ, ಆ ವರ್ಷದಿಂದ. ದಾರಿ ಸವರಿ, ಹೊತ್ತು ಮುಳುಗಿದ ಮ್ಯಾಲೆ ಇಲ್ಲೇ ಬೀಡಿ ಸೇದಕೋತ ಕುಂತಿದ್ದೆ. ಒಲಿಗೆ ಕೈ ತಾಗಿತು. ಓಡಿ ಹೋಗಿ ನೀರ ತಂದು ಹಾಕಿದೆ. ಮುಂದಿನ ಸಲ ಬಂದಾಗ ಮತ್ತ ಬಿಸಿ. ಆವತ್ತಿಂದ ದಾರಿ ಸವರಾಕ ಬಂದಾಗೆಲ್ಲ ಎರಡ ಕೊಡ ಹಾಕೂದು ರೂಢಿ ಆತು.’

‘ಊರಾಗ ಯಾಕ ಹೇಳಲಿಲ್ಲ?’

‘ಹೇಳಿದ್ರ ಮರುದಿನದಿಂದ ನಿಮ್ಮ ಭಟ್ಟಿ ಕಡೆ ಯಾರ ಹಾಯ್ತಿದ್ರು? ಕಸ್ತೂರಿ ಒಂಬತ್ತ ವರ್ಷದಾಕಿ ಆಗ.’

‘ನಿನಗೇನ ಲಾಭ ಅದರಾಗ?’

ಅವನು ನಿಜವಾಗಿ ಯೋಚಿಸಿದ. ‘ದಿನಾ ಮುಂಜಾನೆ ಬಿಸಿ ಚುರಮರಿ ಸಿಗ್ತಿತ್ತಲ್ರಿ’ ಎಂದ.

ಬ್ಯಾಟರಿಯನ್ನು ಅವನ ಮುಖದ ಮೇಲೆ ಹಿಡಿದೆ. ಹನ್ನೊಂದು ವರ್ಷದ ಸುಳ್ಳು ಎಲ್ಲಾದರೂ ಒಂದು ಕಡೆ ಕಾಣಬೇಕಲ್ಲ ಎಂದು ಹುಡುಕಿದೆ. ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡ ಮುದುಕನಾಗುತ್ತಿರುವ ಒಬ್ಬ ಮನುಷ್ಯ ಕಂಡ, ಅಷ್ಟೇ. ನನಗೆ ಅಳು ಬಂತು. ಅವನ ಎದುರಿಗೇ ಅತ್ತೆ.

ಯಾರ ಬಿಸಿ ಅದು ಎಂದು ಕೇಳುವ ಅಗತ್ಯವಿರಲಿಲ್ಲ. ನನ್ನ ಅಣ್ಣನಿಗೆ ಪಕ್ಕದ ಊರಿಗೆ ಹೋಗಬೇಕೆಂದರೂ ಹಿಂದಿನ ದಿನವೇ ತಲೆನೋವು ಬರುತ್ತದೆ. ಕೂಸು ಆಗ ಒಂಬತ್ತು ವರ್ಷದ್ದು. ಉಳಿದವಳು ನಾನು. ದಿನಾ ಮುಂಜಾನೆ ಮೊದಲ ಬಸ್ಸು ಬಂದು ನನ್ನ ಭಟ್ಟಿಯ ಎದುರಿಗೆ ತಿರುಗುತ್ತದೆ. ಅದು ನಿಲ್ಲುವ ಹದಿನಾಲ್ಕು ಊರುಗಳ ಹೆಸರು ನನಗೆ ಕಂಡಕ್ಟರನಿಗಿಂತ ಚೆನ್ನಾಗಿ ಬಾಯಿಪಾಠ. ಮೂರನೆಯ ಊರಿನ ಆಚೆಗೆ ನಾನು ಎಂದೂ ಹೋದವಳಲ್ಲ. ಬಸ್ಸು ಹೊರಡುವವರೆಗೆ ಅಕ್ಕಿ ಹಾಕುವುದಿಲ್ಲ, ಹೊರಟ ಮೇಲೆಯೇ ಹಾಕುತ್ತೇನೆ; ಮರಳು ಕಾಯಲಿ ಎಂದು ಹಾಗೆ ಮಾಡುತ್ತೇನೆ ಎಂದು ನಾನೇ ನಂಬಿದ್ದೆ. ಊರಿನವರನ್ನೆಲ್ಲ ಅನುಮಾನಿಸಿದವಳು ಒಬ್ಬಳನ್ನು ಮಾತ್ರ ಬಿಟ್ಟಿದ್ದೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಕಂಡವರ ಎಲೆಯ ನೊಣ ತೋರಿಸುವವರ ಕಥೆ ಕೇಳಿ ನಾನು ಎಷ್ಟು ಸಲ ನಕ್ಕಿದ್ದೇನೋ.

‘ಒಲಿ ತಣ್ಣಗ ಐತಿ ಅಂತ ನಾ ಹೇಳ್ತೀನಿ’ ಎಂದ ಫಕೀರಪ್ಪ. ‘ಗಂಡಿನ ಕಡಿಯವ ನಾನು. ನಾ ಹೇಳಿದ್ದ ಆತು. ಮದುವಿ ಆಗಲಿ.’

ಆಗಬಹುದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನಾಲ್ಕು ಮನೆಯ ಹೆಣ್ಣುಮಕ್ಕಳ ಮದುವೆಯನ್ನು ಇದೇ ಬಿಸಿಗಾಗಿ ಮುರಿದವಳು ನಾನು. ಸಾವಂತ್ರಿಯ ಒಲೆಯಲ್ಲಿ ಕೈಯಿಟ್ಟ ರಾತ್ರಿ, ಹತ್ತು ಹೆಜ್ಜೆ ಆಚೆ ನನ್ನ ಒಲೆ ಒದ್ದೆಯಾಗಿ ಕುಳಿತಿತ್ತು. ಹೋಗುವವರು ಹೋದರೆ ಒಲೆ ಆರುತ್ತದೆ, ಅದೂ ಎಲ್ಲರಿಗೂ ಗೊತ್ತಿದ್ದದ್ದೇ. ‘ಹುಡುಗನ ಒಲಿ ತಣ್ಣಗ ಐತಿ, ಹುಡುಗೀದು ಬಿಸಿ ಐತಿ ಅಂತ ಹೇಳು’ ಎಂದೆ. ‘ಅದು ಚಂಪವ್ವನ ಬಿಸಿ, ಆಕಿ ಮುಂಜಾನಿ ಬಸ್ಸಿಗೆ ಹೊಂಟಾಳ ಅಂತ ಹೇಳು. ವಾರ ಬಿಟ್ಟು ಮತ್ತ ಬಂದ ನೋಡ್ರಿ.’ ಅವನು ಕಂದೀಲು ಎತ್ತಿಕೊಂಡು, ‘ಹಂಗ ಆಗಲಿ’ ಎಂದ. ವಾಪಸು ಬರುವಾಗ ದಾರಿಯುದ್ದಕ್ಕೂ ಕಂದೀಲಿನಲ್ಲಿ ಎಣ್ಣೆಯಿತ್ತು.

ಮನೆಗೆ ಬಂದು ಹೇಳಿದಾಗ ಅಣ್ಣ ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ. ಕಸ್ತೂರಿ ಮಾತ್ರ ಎದುರಿಗೆ ಕೂತು ಎಲ್ಲವನ್ನೂ ಕೇಳಿದಳು. ಅವಳ ಮದುವೆಗಾಗಿ ನಾನು ಊರು ಬಿಡು‌ತ್ತಿದ್ದೇನೆ, ಸಾಕಿದವಳು ಇಷ್ಟಾದರೂ ಮಾಡಬೇಡವೇ ಎಂದು ಕಣ್ಣೊರೆಸಿಕೊಳ್ಳುತ್ತ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡೇ ಇದ್ದಳು.

‘ಅತ್ತಿ, ಹೋಗಬೇಕನಸಿದ್ರ ಹೋಗು’ ಎಂದಳು. ‘ನನ್ನ ಮದುವಿ ನೆವ ಮಾಡಬ್ಯಾಡ. ನೀ ನೆವ ಇಲ್ಲದ ಹೋದ್ರೂ ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ.’

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವಳು ಸರಿಯಾಗಿಯೇ ಹೇಳಿದ್ದಳು. ಆಮೇಲೆ ಅವಳೇ ಎದ್ದು ನನ್ನ ನಾಲ್ಕು ಸೀರೆಗಳನ್ನು ಚೀಲಕ್ಕೆ ತುಂಬಿದಳು, ತುಂಬುತ್ತ ಅತ್ತಳು.

ಬಸ್ಸು ಬರುವ ಮೊದಲು ಸಾವಂತ್ರಿಯ ಮನೆಗೆ ಹೋದೆ. ಅಂಗಳ ಗುಡಿಸುತ್ತಿದ್ದಳು. ನನ್ನ ಒಲೆಯೂ ಬಿಸಿಯಿತ್ತು, ಅವತ್ತೂ ಇತ್ತು ಎಂದು ಹೇಳಿದೆ. ಅವಳು ಕಸಬರಿಗೆ ನಿಲ್ಲಿಸಿ ಮೊದಲ ಸಲ ನನ್ನ ಮುಖ ನೋಡಿದಳು. ‘ಹನ್ನೊಂದ ವರ್ಷಕ್ಕ ಬಂದೀರಿ. ಬಸ್ಸಿಗೆ ಹೊತ್ತಾಗ್ತೇತಿ, ಹೋಗ್ರಿ’ ಎಂದಳು. ಕ್ಷಮಿಸು ಎನ್ನಬೇಕೆಂದು ಬಂದವಳಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅವಳು ಮತ್ತೆ ಗುಡಿಸತೊಡಗಿದಳು.

ಒಂಬತ್ತನೆಯ ಊರಿನಲ್ಲಿ ಇಳಿದೆ. ನಿಲ್ದಾಣದ ಪಕ್ಕದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತು. ಯಜಮಾನಿತಿ ಕೆಲಸ ಕೊಡುವ ಮುಂಚೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಯಾರ ಪೈಕಿ, ಯಾಕೆ ಬಂದೆ ಎಂದು ಹತ್ತು ಪ್ರಶ್ನೆ ಕೇಳಿದಳು. ನನಗೆ ಅವಳು ಹಿಡಿಸಿದಳು. ರಾತ್ರಿ ಹಾಸಿಗೆಯಲ್ಲಿ ಕಸ್ತೂರಿಯ ನೆನಪಾಗಿ ಎದೆ ಹಿಂಡುತ್ತಿತ್ತು, ಮುಂಜಾನೆ ಎದ್ದಾಗ ಯಾವ ಬಸ್ಸಿನ ಕಡೆಗೂ ಕಿವಿ ಹೋಗುತ್ತಿರಲಿಲ್ಲ. ಎರಡೂ ನಿಜ.

ಹತ್ತನೆಯ ದಿನ ನಮ್ಮ ಊರಿನ ಬಸ್ಸಿನ ಕಂಡಕ್ಟರ್ ಊಟಕ್ಕೆ ಬಂದವನು ನನ್ನನ್ನು ಹೊರಗೆ ಕರೆಸಿದ.

‘ಬುಟ್ಟಿ ಫಕೀರಪ್ಪ ಹೇಳಿ ಕಳಿಸ್ಯಾನ್ರಿ. ನಿಮ್ಮ ಒಲಿ ತಣ್ಣಗ ಆಗೇತಂತ. ತಾನ ಹೋಗಿ ನೋಡಿ ಬಂದಾನಂತ. ಹುಣ್ಣಿಮಿಗೆ ಕಸ್ತೂರೀದು ನಿಶ್ಚೇ ಇಟ್ಕೊಂಡಾರ.’

ನಾನು ಹಿಟ್ಟಿನ ಕೈಯಲ್ಲೇ ಬಾಗಿಲು ಹಿಡಿದು ನಿಂತೆ. ಕಂಡಕ್ಟರ್ ಎಲೆಯಡಿಕೆ ಹಾಕಿಕೊಂಡು, ‘ಏನರ ಕೇಳೂದಿದ್ರ ಹೇಳ್ರಿ. ಸಂಜಿಗೆ ಅಲ್ಲೇ ಹೋಗ್ತೀನಿ, ಕೇಳಿ ನಾಳೆ ಹೇಳ್ತೀನಿ’ ಎಂದ.

ಬೂದಿ ಒಣಗಿತ್ತೋ ಒದ್ದೆಯಿತ್ತೋ ಎಂಬ ಮಾತು ನಾಲಿಗೆಯ ತುದಿಯವರೆಗೂ ಬಂತು.

‘ಏನಿಲ್ಲಪ್ಪ’ ಎಂದೆ.